ಎಲ್ಲಿ ಸಿಕ್ಕಿಕೊಂಡಿದೆ, ತೋರಿಸು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನರ್ಸಿಂಗ್ ಕಾಲೇಜುಗಳಿಂದ. ಓದುವವರು ಬರೆದಿದ್ದಾರೆ, ಪಾಠ ಹೇಳುವವರು ಬರೆದಿದ್ದಾರೆ, ಒಬ್ಬ ಅಪ್ಪನೂ ಬರೆದಿದ್ದಾರೆ. ನಾನು 6 ವರ್ಷ ವಾರ್ಡಿನಲ್ಲಿ ಡ್ಯೂಟಿ ಮಾಡಿ, ಆಮೇಲೆ 31 ವರ್ಷ ಪಾಠ ಹೇಳಿ ನಿವೃತ್ತಳಾದವಳು. ಮಕ್ಕಳು ನನ್ನ ಬೆನ್ನ ಹಿಂದೆ ‘ಕೆಂಪು ಪೆನ್ನು’ ಅನ್ನುತ್ತಿದ್ದರು. ಆ ಗುಣ ಇನ್ನೂ ಪೂರ್ತಿ ಹೋಗಿಲ್ಲ. ಅಲ್ಲಲ್ಲಿ ಗದರಿದ ಹಾಗೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ಎರಡನೇ ವರ್ಷದ ವಿದ್ಯಾರ್ಥಿನಿ. ಫಾರ್ಮಕಾಲಜಿ (ಔಷಧಿಗಳ ಪಾಠ) ಇಂಟರ್ನಲ್ಸ್‌ನಲ್ಲಿ ಎರಡು ಸಲವೂ ಫೇಲ್. ದಿನಾ ನಾಲ್ಕು ಗಂಟೆ ಓದುತ್ತೇನೆ. ಮುಖ್ಯವಾದ ಸಾಲುಗಳಿಗೆಲ್ಲ ಬಣ್ಣ ಹಚ್ಚಿದ್ದೇನೆ. ಓದುವಾಗ ಎಲ್ಲ ಗೊತ್ತು ಅನ್ನಿಸುತ್ತದೆ, ಪೇಪರ್ ಕೈಗೆ ಬಂದರೆ ತಲೆ ಖಾಲಿ. ಮೆಂಟರ್ ಹತ್ತಿರ ಹೋದೆ. ‘ಇನ್ನೂ ಚೆನ್ನಾಗಿ ಓದು’ ಎಂದು ಹೇಳಿ ಫಾರಂಗೆ ಸಹಿ ಹಾಕಿ ಕಳಿಸಿದರು. ನಾನು ದಡ್ಡಿಯೇ?

ಉತ್ತರ: ದಡ್ಡಿ ಅಲ್ಲ. ಆದರೆ ಆ ಬಣ್ಣದ ಪೆನ್ನು ಮೊದಲು ಪಕ್ಕಕ್ಕಿಡು.

‘ಓದುವಾಗ ಎಲ್ಲ ಗೊತ್ತು ಅನ್ನಿಸುತ್ತದೆ’ ಎಂದು ಬರೆದಿದ್ದೀಯಲ್ಲ, ಕಾಯಿಲೆ ಇರುವುದು ಅಲ್ಲೇ. ಪುಸ್ತಕ ಎದುರಿಗಿದ್ದಾಗ ಕಣ್ಣಿಗೆ ಸಾಲಿನ ಗುರುತು ಸಿಗುತ್ತದೆ. ಗುರುತು ಸಿಕ್ಕಿದ್ದನ್ನೇ ನಾವು ತಿಳಿದದ್ದು ಅಂದುಕೊಳ್ಳುತ್ತೇವೆ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬಿಬ್ಬರು 2006ರಲ್ಲಿ ಇದನ್ನು ಕಾಲೇಜು ಮಕ್ಕಳ ಮೇಲೆ ಪರೀಕ್ಷಿಸಿ ನೋಡಿದರು. ಒಂದು ಗುಂಪು ಒಂದೇ ಪಾಠವನ್ನು ಮತ್ತೆ ಮತ್ತೆ ಓದಿತು. ಇನ್ನೊಂದು ಗುಂಪು ಒಂದು ಸುತ್ತು ಓದಿ, ಆಮೇಲೆ ಪಾಠ ಮುಚ್ಚಿಟ್ಟು ನೆನಪಿದ್ದಷ್ಟನ್ನು ಮೂರು ಸಲ ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಬರೆದವರಿಗೆ ನೂರಕ್ಕೆ 61 ಭಾಗ ನೆನಪಿತ್ತು, ಓದಿದವರಿಗೆ 40 ಭಾಗ. ಆದರೆ ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಜಾಸ್ತಿ ಇದ್ದದ್ದು ಓದಿದವರಿಗೇ! ನೀನೂ ಆ ಗುಂಪಿನಲ್ಲಿದ್ದೀಯ.

ಹಾಗಾಗಿ ನಾಲ್ಕು ಗಂಟೆ ಬೇಡ, ಎರಡೇ ಸಾಕು. ಇಪ್ಪತ್ತು ನಿಮಿಷ ಓದು, ಪುಸ್ತಕ ಮುಚ್ಚು, ಖಾಲಿ ಹಾಳೆ ತೆಗೆದುಕೋ, ಬರಿ. ಮೊದಲ ವಾರ ಹಾಳೆ ಖಾಲಿಯೇ ಉಳಿಯುತ್ತದೆ, ಅಳು ಬರುತ್ತದೆ. ಬರಲಿ. ಪರೀಕ್ಷೆ ಹಾಲ್‌ನಲ್ಲಿ ಬರುವ ಬದಲು ಈಗಲೇ ಬರುವುದು ವಾಸಿ.

ಔಷಧಿಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಡ. ಅವುಗಳ ಹೆಸರಿಗೆ ಬಾಲ ಇದೆ, ಅದನ್ನು ಹಿಡಿ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್, ಎಲ್ಲದರ ಕೊನೆಯಲ್ಲೂ ‘ಒಲಾಲ್’. ಇವು ಬೀಟಾ ಬ್ಲಾಕರ್‌ಗಳು, ಹೃದಯದ ಬಡಿತ ಇಳಿಸುತ್ತವೆ. ಅಂದಮೇಲೆ ಮಾತ್ರೆ ಕೊಡುವ ಮೊದಲು ನಿನ್ನ ಬೆರಳು ಎಲ್ಲಿರಬೇಕು? ನಾಡಿಯ ಮೇಲೆ. ಎನಲಾಪ್ರಿಲ್, ರಾಮಿಪ್ರಿಲ್ ಇವೆಲ್ಲ ‘ಪ್ರಿಲ್’. ಬಿಪಿ ಇಳಿಸುತ್ತವೆ, ಕೆಲವರಿಗೆ ಒಣ ಕೆಮ್ಮು ತರುತ್ತವೆ, ಪೊಟ್ಯಾಸಿಯಂ ಏರಿಸಬಹುದು. ನಮ್ಮ ವಾರ್ಡಿನಲ್ಲಿ ಒಬ್ಬ ಅಜ್ಜ ರಾತ್ರಿಯಿಡೀ ಕೆಮ್ಮುತ್ತಿದ್ದರು. ಜ್ವರ ಇಲ್ಲ, ಕಫ ಇಲ್ಲ. ಎರಡನೇ ವರ್ಷದ ಹುಡುಗಿಯೊಬ್ಬಳು ಚಾರ್ಟ್ ನೋಡಿ ‘ಮೇಡಂ, ಇವರಿಗೆ ಪ್ರಿಲ್ ನಡೀತಿದೆ’ ಅಂದಳು. ಡಾಕ್ಟರಿಗೆ ಹೇಳಿದೆವು, ಔಷಧಿ ಬದಲಾಯಿತು. ಆಮೇಲೆ ಆ ಹುಡುಗಿ ಆ ಪಾಠವನ್ನು ಓದಲೇ ಬೇಕಾಗಲಿಲ್ಲ. ಒಂದು ಎಚ್ಚರಿಕೆ ಮಾತ್ರ. ಸಾಲ್ಬುಟಮಾಲ್ ಕಿವಿಗೆ ಅದೇ ಥರ ಕೇಳಿಸುತ್ತದೆ, ಕೆಲಸ ಹೆಚ್ಚುಕಡಿಮೆ ಉಲ್ಟಾ. ಅದು ಉಸಿರಿನ ದಾರಿ ಬಿಡಿಸುತ್ತದೆ, ಎದೆಬಡಿತ ಏರಿಸಬಹುದು. ಬಾಲವನ್ನು ಪೂರ್ತಿ ಹಿಡಿ, ತುದಿಯನ್ನಲ್ಲ.

ಇನ್ನು ಮೆಂಟರ್ ವಿಷಯ. ಅವರದು ತಪ್ಪೇ. ‘ಚೆನ್ನಾಗಿ ಓದು’ ಅನ್ನುವುದಕ್ಕೆ ಮೆಂಟರ್ ಯಾಕೆ ಬೇಕು, ಪಕ್ಕದ ಮನೆಯವರೂ ಹೇಳುತ್ತಾರೆ. ಆದರೆ ನೀನು ಹೋಗಿ ಏನು ಕೇಳಿದೆ? ‘ಬರ್ತಿಲ್ಲ ಮೇಡಂ’ ಅಂದಿರಬೇಕು. ರೋಗಿಯ ಬಗ್ಗೆ ಡಾಕ್ಟರಿಗೆ ಫೋನ್ ಮಾಡುವಾಗ ಎಸ್‌ಬಿಎಆರ್ ಕ್ರಮ ಹೇಳಿಕೊಟ್ಟಿರುತ್ತಾರಲ್ಲ? ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನಗೆ ಬೇಕಾದದ್ದು. ಅಮೆರಿಕದ ನೌಕಾಪಡೆಯ ಸಬ್‌ಮರೀನ್‌ಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಅದು. ಮೆಂಟರ್ ಹತ್ತಿರವೂ ಹಾಗೇ ಹೋಗು. ‘ಮೇಡಂ, ಫಾರ್ಮಕಾಲಜಿ ಎರಡು ಸಲ ಹೋಯಿತು. ಔಷಧಿಯ ಹೆಸರು ನೆನಪಿರುತ್ತೆ, ಅಡ್ಡಪರಿಣಾಮ ಅದಲುಬದಲಾಗುತ್ತೆ. ಓದುವ ರೀತಿಯಲ್ಲೇ ತಪ್ಪಿದೆ ಅನ್ಸುತ್ತೆ. ನನ್ನ ಉತ್ತರ ಪತ್ರಿಕೆ ತಂದಿದ್ದೀನಿ, ಹದಿನೈದು ನಿಮಿಷ ನೋಡ್ತೀರಾ?’ ಹೀಗೆ ಕೇಳಿದರೆ ಸಹಿ ಹಾಕಿ ಕಳಿಸುವುದು ಯಾರಿಗೂ ಸುಲಭವಲ್ಲ.

ಪ್ರಶ್ನೆ: ನಾನು ಹೊಸದಾಗಿ ಸೇರಿದ ಟ್ಯೂಟರ್. 22 ಮಕ್ಕಳಿಗೆ ನನ್ನನ್ನು ಮೆಂಟರ್ ಮಾಡಿದ್ದಾರೆ. ತಿಂಗಳಿಗೊಂದು ಸಲ ಕರೆಸಿ ‘ಏನಾದರೂ ತೊಂದರೆ ಇದೆಯಾ’ ಎಂದು ಕೇಳುತ್ತೇನೆ. ‘ಏನೂ ಇಲ್ಲ ಮೇಡಂ’ ಅನ್ನುತ್ತಾರೆ. ರಿಸಲ್ಟ್ ಬಂದಾಗ ಐದಾರು ಜನ ಫೇಲ್ ಆಗಿರುತ್ತಾರೆ. ನಾನೆಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಾನು ತಪ್ಪಿದ ಜಾಗದಲ್ಲೇ ತಪ್ಪುತ್ತಿದ್ದೀರಿ. ನನ್ನ ಕಥೆ ಹೇಳಿಬಿಡುತ್ತೇನೆ, ನಿಮಗೆ ಹತ್ತು ವರ್ಷ ಉಳಿಯಲಿ.

ಪಾಠ ಹೇಳಲು ಶುರು ಮಾಡಿದ ಹೊಸತು. ನನ್ನ ಗುಂಪಿನಲ್ಲಿದ್ದ ಒಬ್ಬ ಹುಡುಗಿ ಎರಡನೇ ವರ್ಷದ ಮಧ್ಯದಲ್ಲಿ ಓದು ಬಿಟ್ಟು ಹೋದಳು. ಅವಳ ಮೆಂಟರ್ ಫೈಲ್ ತೆಗೆದು ನೋಡಿದೆ. ಏಳು ಭೇಟಿ, ಏಳು ಸಹಿ. ಏಳೂ ಕಡೆ ನನ್ನದೇ ಕೈಬರಹದಲ್ಲಿ ‘ಸಮಸ್ಯೆ ಇಲ್ಲ’. ಕೊನೆಯದನ್ನು ಬರೆದು ಹನ್ನೊಂದು ದಿನ ಆಗಿತ್ತು. ಆ ಫೈಲನ್ನು ಬಹಳ ವರ್ಷ ನನ್ನ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೆ.

‘ತೊಂದರೆ ಇದೆಯಾ’ ಅನ್ನುವ ಪ್ರಶ್ನೆಗೆ ‘ಇಲ್ಲ’ ಅನ್ನುವುದೇ ಮರ್ಯಾದೆ. ಅದರಲ್ಲೂ ಕೇಳುತ್ತಿರುವವರೇ ನಾಳೆ ಪ್ರಾಕ್ಟಿಕಲ್ ಅಂಕ ಹಾಕುವವರಾದರೆ! ಆಮೇಲೆ ನಾನು ಪ್ರಶ್ನೆ ಬದಲಾಯಿಸಿದೆ. ‘ನಿನ್ನೆಯ ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ ಬರೆದ ಹಾಳೆ) ತಂದು ತೋರಿಸು’, ‘ಈ ಲೆಕ್ಕವನ್ನು ನನ್ನೆದುರಿಗೆ ಮಾಡು, ಮಾಡುತ್ತಾ ಮಾಡುತ್ತಾ ಬಾಯಲ್ಲಿ ಹೇಳು’. ಅಷ್ಟೇ. ತೊಂದರೆಯನ್ನು ಮಕ್ಕಳು ಬಾಯಲ್ಲಿ ಹೇಳುವುದಿಲ್ಲ. ಹಾಳೆಯಲ್ಲಿ ಕಾಣಿಸುತ್ತದೆ.

ಒಂದು ಹಾಳೆಯ ಕಥೆ ಕೇಳಿ. ಮೂರನೇ ವರ್ಷದ ಹುಡುಗ. ಕೈ ಬಹಳ ನಾಜೂಕು, ರೋಗಿಗಳಿಗೆ ಅವನೇ ಬೇಕು. ಆದರೆ ಔಷಧಿ ಲೆಕ್ಕದಲ್ಲಿ ಪ್ರತಿ ಸಲ ಸೊನ್ನೆ. ಆರ್ಡರ್ 0.5 ಗ್ರಾಂ, ಮಾತ್ರೆ 250 ಮಿಲಿಗ್ರಾಂನದು, ಎಷ್ಟು ಮಾತ್ರೆ ಕೊಡುತ್ತೀ? ಅವನ ಉತ್ತರ 0.2. ಎರಡು ವರ್ಷ ಎಲ್ಲರೂ ಅದಕ್ಕೆ ತಪ್ಪು ಗುರುತು ಹಾಕಿದ್ದರು, ನಾನೂ ಸೇರಿ. ಕೂರಿಸಿಕೊಂಡು ಜೋರಾಗಿ ಹೇಳಿಸಿದೆ. ‘0.5 ಗ್ರಾಂ ಅಂದರೆ 50 ಮಿಲಿಗ್ರಾಂ ಮೇಡಂ, 50 ಭಾಗಿಸು 250...’ ತಡಿ ತಡಿ, 50 ಹೇಗೆ ಬಂತು? ‘ನೂರರಿಂದ ಗುಣಿಸಿದೆ.’ ನೂರು ಯಾಕೆ? ‘ಮೀಟರಿಗೆ ನೂರು ಸೆಂಟಿಮೀಟರ್ ಅಲ್ವಾ ಮೇಡಂ?’

ನೋಡಿ, ಶಾಲೆಯಲ್ಲಿ ಕಲಿತ ಮೀಟರು ಗ್ರಾಮಿನೊಳಗೆ ಹೊಕ್ಕು ಕೂತಿತ್ತು. ಭಾಗಾಕಾರ ಸರಿ, ಸೂತ್ರ ಸರಿ, ಒಂದೇ ಒಂದು ಕಡೆ ನೂರು ಇದ್ದಲ್ಲಿ ಸಾವಿರ ಬೇಕಿತ್ತು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಅವನಿಗೆ ಎರಡು ವರ್ಷ ಯಾರೂ ಕೊಟ್ಟಿರಲಿಲ್ಲ. ಆಮೇಲೆ ಕೇಳಿದೆ, ‘0.2 ಮಾತ್ರೆಯನ್ನು ಹೇಗೆ ಮುರಿಯುತ್ತಿದ್ದೆ?’ ಅವನೂ ನಕ್ಕ.

ಆವತ್ತಿನಿಂದ ನನ್ನ ಗುಂಪಿನಲ್ಲಿ ಲೆಕ್ಕಕ್ಕಿಂತ ಮೊದಲು ಅಂದಾಜು. 1000 ಮಿಲಿಲೀಟರ್ ಡ್ರಿಪ್, 8 ಗಂಟೆಯಲ್ಲಿ ಹೋಗಬೇಕು, ಸೆಟ್‌ನಲ್ಲಿ ಮಿಲಿಲೀಟರಿಗೆ 20 ಹನಿ. ಒಟ್ಟು 20,000 ಹನಿ, 480 ನಿಮಿಷ, ಅಂದರೆ ನಿಮಿಷಕ್ಕೆ 42ರ ಹತ್ತಿರ. ಗಂಟೆಯನ್ನು ನಿಮಿಷ ಮಾಡಲು ಮರೆತವರು 8ರಿಂದ ಭಾಗಿಸಿ 2500 ಎಂದು ಬರೆದು ಆರಾಮಾಗಿ ಕೂರುತ್ತಾರೆ. ನಿಮಿಷಕ್ಕೆ 2500 ಹನಿ! ಅದು ಡ್ರಿಪ್ ಅಲ್ಲ, ನಲ್ಲಿ. ಡ್ರಿಪ್ ಚೇಂಬರನ್ನು ಕಣ್ಣಾರೆ ನೋಡುತ್ತಾ, ವಾಚ್ ಹಿಡಿದು ಒಂದು ನಿಮಿಷ ಹನಿ ಎಣಿಸಿದವರು ಆ ಉತ್ತರ ಬರೆಯುವುದೇ ಇಲ್ಲ. ಎಣಿಸಲು ಕಳಿಸಿ.

ಇನ್ನೊಂದು ಮಾತು. ನಿಮಗೆ ಕೆಲಸ ಚೆನ್ನಾಗಿ ಬರುತ್ತದೆ ಅನ್ನುವುದೇ ಕೆಲವು ಸಲ ಅಡ್ಡಿ. ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸ್‌ಗಳು ಬೆಳೆಯುವ ಐದು ಹಂತ ಗುರುತಿಸಿದರು. ತೀರ ಹೊಸಬರಿಗೆ ನಿಯಮ ಬೇಕು, ಒಂದಾದ ಮೇಲೊಂದು. ಕೊನೆಯ ಹಂತದವರು ರೋಗಿಯ ಮುಖ ನೋಡಿಯೇ ‘ಏನೋ ಸರಿಯಿಲ್ಲ’ ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ತಡವರಿಸುತ್ತಾರೆ. ನಮಗೆ ಒಂದೇ ಹೆಜ್ಜೆ ಅನ್ನಿಸುವುದರಲ್ಲಿ ಮಗುವಿಗೆ ಆರು ಹೆಜ್ಜೆ ಇರುತ್ತದೆ. ‘ಇಷ್ಟೂ ಗೊತ್ತಾಗಲ್ವಾ’ ಎಂದು ಬಾಯಿಗೆ ಬಂದಾಗಲೆಲ್ಲ ಆ ಆರು ಹೆಜ್ಜೆ ಎಣಿಸಿ.

22 ಜನರನ್ನೂ ಒಂದೇ ಸಮ ನೋಡಲು ಹೋಗಬೇಡಿ, ಆಗುವುದಿಲ್ಲ. ಹಾಜರಿ ತಪ್ಪುತ್ತಿರುವವರು, ಮೊದಲ ಇಂಟರ್ನಲ್ಸ್‌ನಲ್ಲೇ ಬಿದ್ದವರು, ಕೊನೆಯ ಬೆಂಚಿನಲ್ಲಿ ಸದ್ದೇ ಇಲ್ಲದವರು, ಇವರಿಗೆ ವಾರಕ್ಕೊಮ್ಮೆ. ಉಳಿದವರಿಗೆ ತಿಂಗಳಿಗೊಮ್ಮೆ ಸಾಕು. ಅವರು ಹೇಳಿದ ಮನೆ ವಿಷಯ ಸ್ಟಾಫ್ ರೂಮಿಗೆ ಹೋಗಕೂಡದು. ಜೀವಕ್ಕೆ ಅಪಾಯದ ಮಾತು ಬಂದರೆ ಮಾತ್ರ ಬೇರೆ. ಅದನ್ನು ಒಬ್ಬರೇ ಹೊತ್ತುಕೊಳ್ಳಬೇಡಿ, ಆ ಕ್ಷಣವೇ ಕೌನ್ಸೆಲರ್ ಹತ್ತಿರ ನೀವೇ ಜೊತೆಗೆ ಕರೆದುಕೊಂಡು ಹೋಗಿ. ‘ಹೀಗೊಂದು ಮಿತಿ ಇದೆ’ ಎಂದು ಮೊದಲ ಭೇಟಿಯಲ್ಲೇ ಮಕ್ಕಳಿಗೆ ಹೇಳಿಬಿಡಿ.

ಪ್ರಶ್ನೆ: ನಾನು ಮೂರನೇ ವರ್ಷ. ಮೊದಲ ವರ್ಷದ ನಾಲ್ವರಿಗೆ ಅನಾಟಮಿ, ಫಿಸಿಯಾಲಜಿ ಹೇಳಿಕೊಡಲು ನನಗೆ ಹೇಳಿದ್ದಾರೆ. ನಾನೇ ಅಷ್ಟೇನೂ ಬುದ್ಧಿವಂತೆ ಅಲ್ಲ ಅಕ್ಕ. ತಪ್ಪು ಹೇಳಿಕೊಟ್ಟರೆ ಏನು ಗತಿ? ಅವರೋ ‘ನಿಮ್ಮ ಹಳೇ ರೆಕಾರ್ಡ್ ಕೊಡಿ ಅಕ್ಕ’ ಅಂತ ಬೆನ್ನು ಬಿದ್ದಿದ್ದಾರೆ.

ಉತ್ತರ: ರೆಕಾರ್ಡ್ ಕೊಡಬೇಡ. ಕೊಟ್ಟರೆ ಅವರು ಕಲಿಯುವುದು ಕಾಪಿ ಹೊಡೆಯುವುದನ್ನು, ಸಿಕ್ಕಿಬೀಳುವುದು ನಿನ್ನ ಹೆಸರು.

ಅಷ್ಟೇನೂ ಬುದ್ಧಿವಂತೆ ಅಲ್ಲ ಅಂದೆಯಲ್ಲ, ಅದಕ್ಕೇ ನೀನು ಸರಿ. ಎಲ್ಲಿ ಕಷ್ಟವಾಗುತ್ತದೆ ಅನ್ನುವುದು ನಿನಗಿನ್ನೂ ಮರೆತಿಲ್ಲ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಕನ್ಸಾಸ್ ಸಿಟಿ ಕ್ಯಾಂಪಸ್ಸಿನಲ್ಲಿ 1973ರಲ್ಲಿ ಡಿಯಾನಾ ಮಾರ್ಟಿನ್ ಎಂಬವರು ಇಂಥದ್ದೊಂದು ಪದ್ಧತಿ ಶುರು ಮಾಡಿದರು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು. ‘ದುರ್ಬಲ ಮಕ್ಕಳು’ ಎಂದು ಅವರು ಯಾರನ್ನೂ ಆರಿಸಲಿಲ್ಲ, ‘ಕಷ್ಟದ ವಿಷಯ’ ಯಾವುದು ಎಂದು ಆರಿಸಿದರು. ಆ ವಿಷಯ ಓದುವ ಯಾರು ಬೇಕಾದರೂ ಬಂದು ಕೂರಬಹುದು. ಹಾಗಾಗಿ ಬಂದವರ ಹಣೆಯ ಮೇಲೆ ಪಟ್ಟಿ ಅಂಟುವುದಿಲ್ಲ. ನಡೆಸಿಕೊಡುವುದು ಆ ವಿಷಯ ಮೊದಲೇ ಪಾಸಾದ ಸೀನಿಯರ್. ಅವರು ಮತ್ತೆ ಪಾಠ ಮಾಡುವುದಿಲ್ಲ, ಬಂದವರ ಬಾಯಿಂದಲೇ ಉತ್ತರ ಹೊರಡಿಸುತ್ತಾರೆ. ನೀನೂ ಅಷ್ಟೇ ಮಾಡು. ಹೃದಯದ ರಕ್ತ ಸಂಚಾರ ಬಂತಾ, ನಾಲ್ವರನ್ನೂ ನಿಲ್ಲಿಸು. ಇಬ್ಬರು ಹೃತ್ಕರ್ಣ, ಇಬ್ಬರು ಹೃತ್ಕುಕ್ಷಿ. ರಕ್ತದ ಬದಲು ಒಂದು ಪುಸ್ತಕ ಕೈಯಿಂದ ಕೈಗೆ ದಾಟಲಿ. ಬಲಗಡೆಯಿಂದ ಎಡಗಡೆಗೆ ನೇರ ಕೊಟ್ಟರೆ ‘ಶ್ವಾಸಕೋಶ ಎಲ್ಲಮ್ಮಾ?’ ಎಂದು ಕೇಳು. ನಗುತ್ತಾರೆ, ಮರೆಯುವುದಿಲ್ಲ.

ಗೊತ್ತಿಲ್ಲದ್ದು ಬಂದರೆ ‘ನಂಗೂ ಗೊತ್ತಿಲ್ಲ, ಬಾ ನೋಡೋಣ’ ಅಂದುಬಿಡು. ರೋಗಿಯ ಹತ್ತಿರ ಹಾಗೆ ಹೇಳಲು ಬಾರದವರೇ ಅಪಾಯ. ಇಲ್ಲಿಂದಲೇ ರೂಢಿಯಾಗಲಿ.

ಪ್ರಶ್ನೆ: ಶಾಲೆಯಲ್ಲಿ ಓದಿದ ಭಾಷೆಯೇ ಬೇರೆ, ಇಲ್ಲಿ ಎಲ್ಲ ಇಂಗ್ಲಿಷ್. ಒಂದು ಪುಟಕ್ಕೆ ಮೂವತ್ತು ಪದ ಹುಡುಕಬೇಕು. ಹೀಗಾದರೆ ಓದಿ ಮುಗಿಸುವುದು ಯಾವಾಗ?

ಉತ್ತರ: ಆ ಮೂವತ್ತರಲ್ಲಿ ಇಪ್ಪತ್ತು ಇಂಗ್ಲಿಷೇ ಅಲ್ಲ, ಗ್ರೀಕು, ಲ್ಯಾಟಿನ್. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದವರಿಗೂ ಮೊದಲ ವರ್ಷ ಅವು ಕಲ್ಲೇ. ಪದವನ್ನು ಇಡಿಯಾಗಿ ನುಂಗಬೇಡ, ಮುರಿ. ‘ಟ್ಯಾಕಿ’ ಅಂದರೆ ವೇಗ, ‘ಬ್ರಾಡಿ’ ನಿಧಾನ, ‘ಕಾರ್ಡಿಯಾ’ ಹೃದಯದ್ದು, ‘ಪ್ನಿಯಾ’ ಉಸಿರಿನದ್ದು. ನಾಲ್ಕು ತುಂಡು ಕಲಿತರೆ ನಾಲ್ಕು ಪದ ತಾನಾಗಿ ಆಯಿತು. ‘ಹೆಪಟ್’ ಯಕೃತ್ತು, ‘ನೆಫ್ರ್’ ಮೂತ್ರಪಿಂಡ, ‘ಐಟಿಸ್’ ಉರಿಯೂತ, ‘ಎಕ್ಟಮಿ’ ಕತ್ತರಿಸಿ ತೆಗೆಯುವುದು. ಹೆಪಟೈಟಿಸ್, ನೆಫ್ರೈಟಿಸ್, ನೆಫ್ರೆಕ್ಟಮಿ. ದಿನಕ್ಕೆ ಐದು ತುಂಡು ಸಾಕು. ಮೊದಲು ನಿನ್ನ ಭಾಷೆಯಲ್ಲಿ ಅರ್ಥ ಮಾಡಿಕೋ, ಆಮೇಲೆ ಅವರ ಭಾಷೆಯಲ್ಲಿ ಬರಿ. ರೋಗಿ ‘ನನಗೇನಾಗಿದೆ ಸಿಸ್ಟರ್’ ಎಂದು ಕೇಳುವುದು ಅವನ ಭಾಷೆಯಲ್ಲಿ. ಆವಾಗ ನಿನಗೆ ಬಾಯಿ ಬರುತ್ತದೆ, ಬರೀ ಇಂಗ್ಲಿಷ್ ಉರು ಹೊಡೆದವರಿಗೆ ಬರುವುದಿಲ್ಲ.

ಪ್ರಶ್ನೆ: ವಾರ್ಡಿನಲ್ಲಿ ಸ್ಟಾಫ್ ಸಿಸ್ಟರ್ ಒಬ್ಬರು ರೋಗಿಯ ಎದುರಿಗೇ ‘ನಿನಗ್ಯಾರು ಸೀಟು ಕೊಟ್ಟಿದ್ದು’ ಎಂದು ಕೂಗಿದರು. ಡ್ರೆಸ್ಸಿಂಗ್ ಮಾಡುವಾಗ ಸ್ಟೆರೈಲ್ ಗ್ಲೌಸ್ ಹಾಕಿದ ಕೈ ಮಂಚದ ಕಂಬಿಗೆ ತಾಗಿತ್ತು. ಮೂರು ದಿನದಿಂದ ಆ ವಾರ್ಡಿಗೆ ಹೋಗಿಲ್ಲ. ಓದೇ ಬಿಟ್ಟುಬಿಡೋಣ ಅನ್ನಿಸುತ್ತಿದೆ.

ಉತ್ತರ: ಒಂದು ಹಾಳೆಯ ನಡುವೆ ಗೆರೆ ಎಳಿ. ಎಡಗಡೆ ನಿನ್ನ ತಪ್ಪು ಬರಿ. ಬಲಗಡೆ ಅವರದು. ಎಡಗಡೆ: ಗ್ಲೌಸ್ ಕಂಬಿಗೆ ತಾಗಿತು, ಬದಲಾಯಿಸಬೇಕಿತ್ತು. ಅದು ಸಣ್ಣ ತಪ್ಪಲ್ಲ, ಗಾಯಕ್ಕೆ ಸೋಂಕಾದರೆ ಅನುಭವಿಸುವುದು ರೋಗಿ. ಆದರೆ ಎರಡು ನಿಮಿಷದಲ್ಲಿ ಸರಿಯಾಗುವ ತಪ್ಪು. ‘ತಾಗಿತು ಸಿಸ್ಟರ್, ಬೇರೆ ಗ್ಲೌಸ್ ತೊಗೊಳ್ತೀನಿ’ ಅಂದರೆ ಮುಗಿಯಿತು. ಬಲಗಡೆ: ರೋಗಿಯ ಎದುರು ಕೂಗಿದರು, ಸೀಟಿನ ಮಾತು ಎತ್ತಿದರು. ಅದಕ್ಕೂ ಗ್ಲೌಸಿಗೂ ಸಂಬಂಧ ಇಲ್ಲ. ನೀನು ಈಗ ಎರಡನ್ನೂ ಕಲಸಿಕೊಂಡು ಇಡೀ ಉಂಡೆಯನ್ನು ನಿನ್ನ ತಲೆಯ ಮೇಲೆ ಹೊತ್ತಿದ್ದೀಯ.

ನನಗೂ ಹೀಗಾಗಿತ್ತು. ಮೊದಲ ವರ್ಷ, ಬಿಪಿ ಎರಡು ಸಲ ನೋಡಿದರೂ ಸದ್ದು ಕೇಳಿಸಲಿಲ್ಲ, ಒಂದು ಅಂಕಿ ಊಹಿಸಿ ಬರೆದೆ. ಇನ್‌ಚಾರ್ಜ್ ಸಿಸ್ಟರ್‌ಗೆ ಗೊತ್ತಾಯಿತು. ಅವರು ಕೂಗಲಿಲ್ಲ. ನನ್ನನ್ನು ಲಿನನ್ ರೂಮಿಗೆ ಕರೆದುಕೊಂಡು ಹೋಗಿ, ಬಾಗಿಲು ಮುಚ್ಚಿ, ತಮ್ಮ ತೋಳು ಚಾಚಿ ‘ಕೇಳಿಸುವವರೆಗೂ ನೋಡು’ ಅಂದರು. ಹತ್ತಾರು ಸಲ ಪಟ್ಟಿ ಸುತ್ತಿರಬೇಕು. ಅವರ ತೋಳು ಕೆಂಪಾಗಿತ್ತು. ಆವತ್ತು ಅವರು ಕೂಗಿದ್ದರೆ ನಾನು ಊಹಿಸಿ ಬರೆಯುವುದನ್ನು ಬಿಡುತ್ತಿರಲಿಲ್ಲ, ಸಿಕ್ಕಿಬೀಳದ ಹಾಗೆ ಬರೆಯುವುದನ್ನು ಕಲಿಯುತ್ತಿದ್ದೆ.

ಮೊದಲು ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಹತ್ತಿರ ಹೋಗಿ ಹಾಳೆಯ ಎರಡೂ ಕಡೆ ತೋರಿಸು. ಬರೀ ಬಲಗಡೆ ತೋರಿಸಿದರೆ ಚಾಡಿ ಅನ್ನುತ್ತಾರೆ. ಎರಡೂ ತೋರಿಸಿದರೆ ಕೇಳಲೇಬೇಕು. ಆಮೇಲೆ ಸ್ಕಿಲ್ ಲ್ಯಾಬ್‌ನಲ್ಲಿ ಡಮ್ಮಿಯ ಮೇಲೆ ಐದು ಸಲ ಡ್ರೆಸ್ಸಿಂಗ್ ಮಾಡಿ, ನಾಡಿದ್ದು ಅದೇ ವಾರ್ಡಿಗೆ ಹೋಗು, ಗೆಳತಿಯೊಬ್ಬಳನ್ನು ಜೊತೆಗಿಟ್ಟುಕೊಂಡು. ಅದೇ ಸಿಸ್ಟರ್ ಮತ್ತೆ ಮತ್ತೆ ಹಾಗೆ ಮಾಡಿದರೆ ದಿನಾಂಕ, ಹೊತ್ತು, ಆಡಿದ ಮಾತು ಬರೆದಿಟ್ಟುಕೊಂಡು ಲಿಖಿತ ದೂರು ಕೊಡು. ಅಷ್ಟು ಮಾಡಿಯೂ ಓದು ಬೇಡ ಅನ್ನಿಸಿದರೆ ಆಗ ಬರಿ, ಮಾತಾಡೋಣ.

ಪ್ರಶ್ನೆ: ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಫೋನ್ ಮಾಡಿದರೆ ‘ಸುಸ್ತು ಅಪ್ಪಾ’ ಎಂದು ಇಟ್ಟುಬಿಡುತ್ತಾಳೆ. ಬಿಡಿಸಿ ಮನೆಗೆ ಕರೆತರೋಣ ಎಂದು ಮನೆಯವಳು ಹೇಳುತ್ತಿದ್ದಾಳೆ.

ಉತ್ತರ: ಸುಸ್ತು ಅನ್ನುವುದು ಅಲ್ಲಿ ನಿಜವೇ ಸ್ವಾಮಿ. ಬೆಳಿಗ್ಗೆ ವಾರ್ಡು, ಮಧ್ಯಾಹ್ನ ಕ್ಲಾಸು, ರಾತ್ರಿ ಕೇರ್ ಪ್ಲಾನ್. ‘ಎಷ್ಟು ಅಂಕ ಬಂತು’ ಎಂದು ಕೇಳುವುದನ್ನು ಒಂದು ತಿಂಗಳು ನಿಲ್ಲಿಸಿ. ‘ಇವತ್ತು ಯಾವ ರೋಗಿ ನೋಡಿದೆ, ಅವರು ಏನಂದರು’ ಎಂದು ಕೇಳಿ ನೋಡಿ. ಹೆಸರು ಕೇಳಬೇಡಿ, ಅವಳು ಹೇಳಬಾರದು. ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಬದುಕೇ ಬೇಡ ಅನ್ನುವ ಥರದ ಒಂದು ಮಾತು ಬಂದರೂ, ಫೋನಿನಲ್ಲಿ ಬುದ್ಧಿ ಹೇಳುತ್ತಾ ಕೂರಬೇಡಿ. ಅವತ್ತೇ ಹೊರಟು ಹೋಗಿ ಅವಳ ಪಕ್ಕದಲ್ಲಿರಿ, ವೈದ್ಯರಿಗೆ ತೋರಿಸಿ.

ಪ್ರಶ್ನೆ: ಮೆಂಟರ್ ಬದಲಾಯಿಸಿ ಎಂದು ಕೇಳಬಹುದಾ? ಕೇಳಿದರೆ ಅವರಿಗೆ ಕೋಪ ಬರುವುದಿಲ್ಲವೇ?

ಉತ್ತರ: ಕೇಳಬಹುದು. ಕೋಪ ಬರಬಹುದು. ‘ಅವರು ಸರಿಯಿಲ್ಲ’ ಅನ್ನಬೇಡ, ‘ನನಗೆ ಸರ್ಜಿಕಲ್ ವಿಷಯದಲ್ಲಿ ಜಾಸ್ತಿ ಸಹಾಯ ಬೇಕು, ಅದನ್ನು ಹೇಳುವವರ ಗುಂಪಿಗೆ ಹಾಕಿ’ ಎಂದು ಕೇಳು, ಅದು ನಿಜವಾಗಿದ್ದರೆ. ನನ್ನ ಗುಂಪಿನಿಂದಲೂ ಒಂದು ಸಲ ಇಬ್ಬರು ಹಾಗೆ ಕೇಳಿಕೊಂಡು ಹೋದರು. ಒಂದು ವಾರ ಮುಖ ಊದಿಸಿಕೊಂಡಿದ್ದೆ. ಇಬ್ಬರೂ ಪಾಸಾದರು.